ಶಾಲೆಯ ಗೇಟು ಮತ್ತು ಲೈಸೆನ್ಸ್ ಬಂದೂಕು: ಕಾನೂನು ಏನು ಹೇಳುತ್ತದೆ, ನಾವು ಏನು ಮಾಡಬೇಕು?

ಪುಣೆಯ ಕನ್ನಡಿಗರ ಮನೆಗಳಲ್ಲಿ ಬಂದೂಕು ಇರುವುದು ಅಪರೂಪದ ಸಂಗತಿ ಏನಲ್ಲ. ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ಮನೆ ಮಾಡಿದ ಕೊಡಗಿನವರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಬ್ಯಾಂಕಿಗೋ ಹಣದ ವ್ಯಾನಿಗೋ ಗನ್‌ಮ್ಯಾನ್ ಆಗಿರುವವರಿದ್ದಾರೆ. ಊರಿನ ಹೊಲ ಕಾಯಲು ಅಜ್ಜ ಇಟ್ಟುಕೊಂಡಿದ್ದ ಹಳೇ ಬಂದೂಕನ್ನು ಫ್ಲ್ಯಾಟಿಗೆ ತಂದಿಟ್ಟವರೂ ಸಿಗುತ್ತಾರೆ. ಇವರೆಲ್ಲ ಬೆಳಗ್ಗೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಶಾಲೆಗೆ ಬಿಡುವವರೇ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಶಾಲೆಯ ಗೇಟಿಗೆ ಹೋಗಬಹುದಾ? ಮನೆಯಲ್ಲಿ ಅದನ್ನು ಎಲ್ಲಿಡಬೇಕು? ಒಂದೊಂದಾಗಿ ನೋಡೋಣ.

ಮೊದಲು ಲೈಸೆನ್ಸ್ ತೆಗೆದು ಷರತ್ತು ಓದಿ

ಲೈಸೆನ್ಸ್ ಕೈಗೆ ಬಂದಾಗ ನಾವು ನೋಡುವುದು ಫೋಟೊ, ಆಯುಧದ ನಂಬರ್, ಮುಗಿಯುವ ತಾರೀಕು. ಷರತ್ತುಗಳನ್ನು ಓದುವವರು ಕಡಿಮೆ. ಶಾಲೆಯ ವಿಷಯ ಇರುವುದು ಅಲ್ಲೇ. ಸ್ವರಕ್ಷಣೆಗೆಂದು ಕೊಡುವ ಲೈಸೆನ್ಸಿನ ಷರತ್ತು ಹೀಗಿದೆ: ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆಗಳಿಗೆ ಆಯುಧ ಒಯ್ಯುವಂತಿಲ್ಲ. ಯಾವುದೇ ಶಿಕ್ಷಣ ಸಂಸ್ಥೆಯ ಆವರಣಕ್ಕೂ ಒಯ್ಯುವಂತಿಲ್ಲ. ಅಧಿಕಾರಿಯ ವಿಶೇಷ ಅನುಮತಿ ಇದ್ದರೆ ಮಾತ್ರ ಬೇರೆ ಮಾತು. 'ನನ್ನ ಹತ್ತಿರ ಲೈಸೆನ್ಸ್ ಇದೆ' ಎಂಬ ಮಾತು ಶಾಲೆಯ ಗೇಟಿನಲ್ಲಿ ನಡೆಯುವುದಿಲ್ಲ.

ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಸಣ್ಣದು ಅನಿಸಬಹುದು. ಆದರೆ 17ನೇ ಕಲಂ ಪ್ರಕಾರ ಲೈಸೆನ್ಸನ್ನೇ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಗನ್‌ಮ್ಯಾನ್ ಕೆಲಸ ಮಾಡುವವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಎಷ್ಟು ದೂರ ಅಂದರೆ 'ಶಾಲೆಯ ಹತ್ತಿರ'?

ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಶಾಲೆಯ ಹೊರಗೆ ಕಾಣುವ '100 ಗಜ'ದ ಬೋರ್ಡು ತಂಬಾಕು ಮಾರಾಟಕ್ಕೆ ಸಂಬಂಧಿಸಿದ್ದು, 2003ರ ತಂಬಾಕು ಕಾಯ್ದೆಯದು. ಮಗ, ಮಗಳು ಅಮೆರಿಕದಲ್ಲಿರುವವರು '1000 ಅಡಿ' ಎಂಬ ಮಾತು ಕೇಳಿರುತ್ತಾರೆ. ಅದು ಅಲ್ಲಿನ ಕೇಂದ್ರ ಕಾನೂನು. ನಮ್ಮ ಲೈಸೆನ್ಸ್ ಷರತ್ತಿನಲ್ಲಿ ಅಡಿ, ಗಜದ ಲೆಕ್ಕ ಇಲ್ಲ. ಆವರಣ ಎಂದಷ್ಟೇ ಇದೆ.

ಲೆಕ್ಕ ಇಲ್ಲ ಎಂದು ಗೇಟಿನ ಗೆರೆಯವರೆಗೂ ಹೋಗಿ ನಿಲ್ಲುವುದು ಸರಿಯಲ್ಲ. ಶಾಲೆಯ ಪಾರ್ಕಿಂಗ್, ಆಟದ ಮೈದಾನ, ಸ್ಕೂಲ್ ಬಸ್ ನಿಲ್ಲುವ ಜಾಗ, ಪಾಲಕರು ಗುಂಪುಗೂಡುವ ಗೇಟಿನ ಮುಂದಿನ ರಸ್ತೆ, ಇವೆಲ್ಲವನ್ನೂ ಶಾಲೆ ಎಂದೇ ತಿಳಿಯಿರಿ ಎನ್ನುವುದು ನನ್ನ ಸಲಹೆ. ವಾರ್ಷಿಕೋತ್ಸವದ ದಿನವಂತೂ ಅದು ಶಾಲೆಯೂ ಹೌದು, ಜನ ಸೇರಿದ ಸಭೆಯೂ ಹೌದು. ಕಾಲೇಜಿಗೂ ಇದೇ ನಿಯಮ.

ದಾರಿಯಲ್ಲಿ ಒಯ್ಯುವಾಗ

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೇ ನಿಯಮ ಇದಕ್ಕೇ ಇದೆ. ಪಿಸ್ತೂಲು, ರಿವಾಲ್ವರ್ ಆದರೆ ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥದೇ ಚೀಲದಲ್ಲಿರಬೇಕು. ಉದ್ದ ಬಂದೂಕಿಗೆ ಅದರದೇ ಕವರ್ ಬೇಕು. ಆಯುಧ ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಸಾರ್ವಜನಿಕ ಜಾಗದಲ್ಲಿ ತೆಗೆದು ಝಳಪಿಸುವಂತಿಲ್ಲ.

'ನನ್ನ ಹಿಡಿತದಲ್ಲಿ' ಎಂಬುದನ್ನು ಪುಣೆಯವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಸ್ಕೂಟರ್ ಡಿಕ್ಕಿಯಲ್ಲಿ ಪಿಸ್ತೂಲು ಇಟ್ಟು, ಮಗುವಿನ ಬ್ಯಾಗ್ ಹಿಡಿದು ಶಾಲೆಯೊಳಗೆ ಹೋದರೆ ಅದು ಯಾರ ಹಿಡಿತದಲ್ಲಿದೆ? ಯಾರ ಹಿಡಿತದಲ್ಲೂ ಇಲ್ಲ. ಸ್ಕೂಟರ್ ಶಾಲೆಯ ಪಾರ್ಕಿಂಗ್‌ನಲ್ಲಿದ್ದರೆ ಆಯುಧ ಆವರಣದೊಳಗೂ ಬಂದಂತಾಯಿತು. ಕಾರಿನ ಡ್ಯಾಶ್‌ಬೋರ್ಡ್ ಖಾನೆಗೂ ಇದೇ ಮಾತು. ಡ್ಯೂಟಿಗೆ ಹೋಗುವ ದಾರಿಯಲ್ಲೇ ಶಾಲೆ ಸಿಗುತ್ತದೆ, ಸಮಯ ಉಳಿಯುತ್ತದೆ, ನಿಜ. ಆದರೂ ಮೊದಲು ಮಗುವನ್ನು ಬಿಟ್ಟು ಮನೆಗೆ ಬನ್ನಿ, ಆಮೇಲೆ ತಿಜೋರಿ ತೆರೆಯಿರಿ. ಆಗದಿದ್ದರೆ ಮಗುವನ್ನು ಬಿಡುವ ಕೆಲಸ ಮನೆಯ ಬೇರೆಯವರಿಗೆ ವಹಿಸಿ.

ಇನ್ನೊಂದು ವಿಷಯ ಮಹಾರಾಷ್ಟ್ರದ್ದೇ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಂ ಅಡಿ ಪೊಲೀಸ್ ಆಯುಕ್ತರು ಬಂದೂಕು, ಕತ್ತಿ, ಚಾಕು, ಲಾಠಿ ಒಯ್ಯುವುದನ್ನು ಕೆಲವು ದಿನ ನಿಷೇಧಿಸಬಹುದು. ಹಬ್ಬ, ಮೆರವಣಿಗೆ, ಬಂದ್ ಇದ್ದಾಗ ಇಂಥ ಆದೇಶ ಸಾಮಾನ್ಯ. ಚುನಾವಣೆ ಬಂದಾಗ ಆಯುಧ ಠಾಣೆಗೆ ಒಪ್ಪಿಸಿ ಎಂದು ನೋಟಿಸ್ ಬರಬಹುದು. ಕೊಟ್ಟು ರಸೀದಿ ಪಡೆಯಿರಿ.

ಮನೆಯಲ್ಲಿ ಎಲ್ಲಿಡಬೇಕು?

ನನಗೆ ಜಾಸ್ತಿ ಕಾಳಜಿ ಇರುವುದು ಈ ಭಾಗದ ಬಗ್ಗೆ. ಮಗುವಿನ ಕೈಗೆ ಆಯುಧ ಸುಲಭವಾಗಿ ಸಿಗುವ ಜಾಗ ಎಂದರೆ ಮನೆಯೇ. ಶಾಲೆಯ ಕಾವಲುಗಾರ ಬ್ಯಾಗ್ ತಪಾಸಣೆ ಮಾಡುವ ಹೊತ್ತಿಗೆ ತಡವಾಗಿರುತ್ತದೆ. ತಡೆಯಬೇಕಾದವರು ನಾವು.

ಆಯುಧವನ್ನು ಸುರಕ್ಷಿತವಾಗಿ ಇಡುವುದು ಲೈಸೆನ್ಸ್ ಪಡೆದವರ ಹೊಣೆ. ಹಾಗಾಗಿ ಹೀಗೆ ಮಾಡಿ. ಒಳಗೆ ಬಂದ ಕೂಡಲೇ, ಮಕ್ಕಳಿಲ್ಲದ ಕೋಣೆಯಲ್ಲಿ, ಗುಂಡು ತೆಗೆದು ಖಾಲಿ ಮಾಡಿ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದರೆ ಸಾಲದು, ಚೇಂಬರಿನಲ್ಲಿ, ಅಂದರೆ ಹಾರಲು ಸಿದ್ಧವಾದ ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಉಳಿದಿರಬಹುದು. ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಆಯುಧವನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ ತಿಜೋರಿಯಲ್ಲಿಡಿ. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿಡಿ. ಟ್ರಿಗರ್ ಲಾಕ್ ಹಾಕಿದರೆ ಇನ್ನೂ ಒಳ್ಳೆಯದು.

ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಹಿಂದೆ, ಹಾಸಿಗೆಯ ಕೆಳಗೆ, ದೇವರ ಕೋಣೆಯ ಮೇಲಿನ ಹಲಗೆಯಲ್ಲಿ ಇಡಬೇಡಿ. ನಾವು ಬಚ್ಚಿಟ್ಟಿದ್ದೇವೆ ಅಂದುಕೊಳ್ಳುತ್ತೇವೆ. ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯ ಮೂಲೆ ಮೂಲೆ ಹುಡುಕುತ್ತಾರೆ. ಕೀಲಿಯ ವಿಷಯವೂ ಅಷ್ಟೇ. ಅಡುಗೆಮನೆಯ ಡಬ್ಬಿಯಲ್ಲಿ ಕೀಲಿ ಇದೆ ಎಂದು ಮನೆಯವರಿಗೆಲ್ಲ ಗೊತ್ತಿದ್ದರೆ ಬೀಗ ಹಾಕಿ ಏನು ಪ್ರಯೋಜನ? ಕೀಲಿ ಲೈಸೆನ್ಸ್ ಇರುವವರ ಬಳಿ ಮಾತ್ರ ಇರಲಿ. ನಂಬರ್ ಲಾಕ್ ಆದರೆ ಮಕ್ಕಳ ಹುಟ್ಟಿದ ತಾರೀಕು ಬೇಡ.

ಕಾನೂನಿನಲ್ಲಿ 21 ವರ್ಷ ತುಂಬದವರು ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 'ಸುಮ್ನೆ ಒಂದು ಫೋಟೊಗೆ' ಎಂದು 16 ವರ್ಷದ ಮಗನ ಕೈಗೆ ಕೊಡುವುದು ಬೇಡವೇ ಬೇಡ. ಆ ಫೋಟೊ ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಮರುದಿನ ಹುಡುಗ ಉತ್ತರ ಕೊಡಬೇಕಾಗುತ್ತದೆ, ನೀವೂ ಕೊಡಬೇಕಾಗುತ್ತದೆ. ಮದುವೆ, ಬರ್ತ್‌ಡೇಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆಯುಧವೋ ಗುಂಡೋ ಕಳೆದರೆ, ಕಳ್ಳತನವಾದರೆ ತಡ ಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು. ಒಂದೇ ಗುಂಡು ಕಡಿಮೆ ಬಿದ್ದರೂ ಮೊದಲು ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ. ಗದರಬೇಡಿ. ಹೆದರಿದ ಮಗು ಅದನ್ನು ಗೆಳೆಯನ ಬ್ಯಾಗಿಗೆ ದಾಟಿಸುತ್ತದೆ.

ಅಜ್ಜನ ಬಂದೂಕು ಇದ್ದರೆ

ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು, ಅವರು ತೀರಿಕೊಂಡರು, ಬಂದೂಕು ಅಟ್ಟದ ಮೇಲಿದೆ. ನೆನಪಿಗೆಂದು ಇಟ್ಟುಕೊಂಡಿದ್ದೇವೆ ಎನ್ನುತ್ತಾರೆ. ಆ ಪ್ರೀತಿ ಅರ್ಥವಾಗುತ್ತದೆ, ಆದರೆ ಕಾನೂನಿನ ಕಣ್ಣಲ್ಲಿ ಅದು ಲೈಸೆನ್ಸ್ ಇಲ್ಲದ ಬಂದೂಕು. ಅದಕ್ಕೆ ಈಗ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಜೊತೆಗೆ ದಂಡ. ಶಸ್ತ್ರಾಸ್ತ್ರ ಕಾಯ್ದೆಯ 35ನೇ ಕಲಂ ಇನ್ನೂ ಗಟ್ಟಿ: ಹಲವರು ಸೇರಿ ಬಳಸುವ ಮನೆಯಲ್ಲೋ ಗಾಡಿಯಲ್ಲೋ ಅಂಥ ಆಯುಧ ಸಿಕ್ಕರೆ, ಅದು ಅಲ್ಲಿದೆ ಎಂದು ಗೊತ್ತಿದ್ದವರೆಲ್ಲ ಹೊಣೆಗಾರರಾಗಬಹುದು. ಅತ್ತೆ, ಸೊಸೆ, ಅಣ್ಣ, ತಮ್ಮ ಎಲ್ಲರೂ.

ದಾರಿ ಸರಳವಾಗಿದೆ. 21ನೇ ಕಲಂ ಪ್ರಕಾರ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿ ಜಮೆ ಮಾಡಿ. ಠಾಣೆಗೆ ಹೊತ್ತುಕೊಂಡು ಹೋಗುವ ಮೊದಲು ಫೋನ್ ಮಾಡಿ, ಹೇಗೆ ತರಬೇಕೆಂದು ಕೇಳಿ. ಮನೆಯಲ್ಲೇ ಉಳಿಸಿಕೊಳ್ಳುವ ಆಸೆ ಇದ್ದರೆ ವಾರಸುದಾರರೊಬ್ಬರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಪುಣೆ ನಗರದಲ್ಲಿ ಅರ್ಜಿ ಪೊಲೀಸ್ ಆಯುಕ್ತರಿಗೆ, ಪಿಂಪ್ರಿ-ಚಿಂಚ್‌ವಡದವರಿಗೆ ಅಲ್ಲಿನ ಆಯುಕ್ತಾಲಯವೇ ಬೇರೆ ಇದೆ, ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿ. ಕರ್ನಾಟಕದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿಗೆ ನೆಲೆ ಬದಲಿಸಿದವರು ಎರಡೂ ಕಡೆಯ ಅಧಿಕಾರಿಗಳಿಗೆ ತಿಳಿಸಬೇಕು. ಆ ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಕೊಡವರು ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಯಾವ ಆಯುಧಗಳು ಅದರಲ್ಲಿ ಬರುತ್ತವೆ ಎಂಬುದನ್ನು ಅಧಿಕಾರಿಗಳಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ವಿನಾಯಿತಿ ಇರುವುದು ಲೈಸೆನ್ಸಿಗೆ. ಪೊಲೀಸ್ ಆಯುಕ್ತರ ನಿಷೇಧಾಜ್ಞೆ ಬೇರೆ ಕಾನೂನಿನದು. ಹಾಗಾಗಿ ಶಾಲೆಯ ವಿಷಯದಲ್ಲಿ ಅವರೂ ಮೇಲೆ ಹೇಳಿದಂತೆಯೇ ನಡೆದುಕೊಳ್ಳುವುದು ಒಳ್ಳೆಯದು.

ಮಗು ಶೂಟಿಂಗ್ ಕಲಿಯುತ್ತಿದ್ದರೆ

ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. 2024ರಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಮಕ್ಕಳಿಗೆ ಈ ಆಟದ ಆಸೆ ಹುಟ್ಟುವುದು ಸಹಜ, ಹುಟ್ಟಲಿ. 21 ತುಂಬದವರ ತರಬೇತಿಗೂ ಕಾನೂನಿನಲ್ಲೇ ಅವಕಾಶ ಇದೆ. 20 ಜೂಲ್‌ಗಿಂತ ಕಡಿಮೆ ಶಕ್ತಿಯ, 4.5 ಮಿ.ಮೀ. ನಳಿಗೆಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೆ ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿ, ಸಂಜೆ ಅಲ್ಲಿಂದಲೇ ರೇಂಜಿಗೆ ಹೋಗುವ ಏರ್ಪಾಡು ಬೇಡ. ಕವರಿನೊಳಗಿನ ರೈಫಲ್ ಯಾವುದೆಂದು ನೋಡಿದವರಿಗೆ ತಿಳಿಯುವುದಿಲ್ಲ, ಅಲ್ವಾ? ಪಾಲಕರೇ ಮನೆಯಿಂದ ರೇಂಜಿಗೆ ತಂದುಕೊಡಲಿ. ಎನ್‌ಸಿಸಿ ಕೆಡೆಟ್‌ಗಳಿಗೆ ಡ್ಯೂಟಿಯ ಸಮಯಕ್ಕೆ 45ನೇ ಕಲಂ ವಿನಾಯಿತಿ ಕೊಟ್ಟಿದೆ.

ಶಾಲೆಯಲ್ಲಿ ಆಯುಧ ಕಂಡರೆ

ಶಿಕ್ಷಕರು ಮುಟ್ಟಬಾರದು, ಗುಂಡು ತೆಗೆಯಲು ಹೋಗಬಾರದು. ಮೊದಲು ಉಳಿದ ಮಕ್ಕಳನ್ನು ಸದ್ದಿಲ್ಲದೆ ಬೇರೆ ಕೋಣೆಗೆ ಕಳಿಸಿ. ಆಯುಧ ಮಗುವಿನ ಕೈಯಲ್ಲಿದ್ದರೆ ಕಿತ್ತುಕೊಳ್ಳಲು ನುಗ್ಗಬೇಡಿ, ಮೆಲ್ಲಗೆ ಮಾತಾಡಿ, ಕೆಳಗಿಡಲು ಹೇಳಿ. 112ಕ್ಕೆ ಕರೆ ಮಾಡಿ. ಶಾಲೆಯ ಹೆಸರು ಕೆಡುತ್ತದೆ ಎಂದು ಪಾಲಕರನ್ನು ಕರೆಸಿ ಒಳಗೊಳಗೇ ಮುಗಿಸುವ ಹಾಗಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಬೇಕು ಎಂದು 36ನೇ ಕಲಂ ಹೇಳುತ್ತದೆ. ಮಗು 18ಕ್ಕಿಂತ ಚಿಕ್ಕದಾದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಆ ಮಗುವನ್ನು ದೊಡ್ಡವರ ಲಾಕಪ್ಪಿನಲ್ಲಿ ಇಡುವಂತಿಲ್ಲ. ಇದನ್ನು ಪಾಲಕರಿಗೆ ಅಲ್ಲೇ, ಆಗಲೇ ತಿಳಿಸಿ.