ಜಗಲಿ ಗೋಡೆಗೊಂದು ಹಾಳೆಯ ಬಣ್ಣದ ವೇಷ

ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು, ಡಬ್ಬ ಬಡಿದು, ಅಂಗಳದಲ್ಲೇ ಯಕ್ಷಗಾನ ಆಡಿ ಬೆಳೆದವರು ಕಾಸರಗೋಡಿನ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲವೇ! ಅದೇ ಹಾಳೆಯಲ್ಲಿ ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರದ, ಮೊಗವೊಂದನ್ನು ಮಾಡಿ ಜಗಲಿಯಲ್ಲಿ ತೂಗುಹಾಕಿ ನೋಡಿ. ಪೇಟೆಯಿಂದ ತಂದ ಪ್ಲಾಸ್ಟಿಕ್ ಹೂವಿನ ಗೊಂಚಲು ಅದರ ಪಕ್ಕ ನಿಲ್ಲಲಾರದು. ಖರ್ಚೆಂದರೆ ಬಣ್ಣ ಮತ್ತು ಅಂಟು, ಅಷ್ಟೇ.

ಅಂದೇ ಬಿದ್ದ, ಅಗಲವಾದ ಹಾಳೆ ಆರಿಸಿ. ಸ್ಪ್ರಿಂಕ್ಲರ್ ನೀರಲ್ಲಿ ನಾಲ್ಕು ದಿನ ನೆನೆದು ಕಪ್ಪು ಚುಕ್ಕೆ ಬಿದ್ದದ್ದು ಬೇಡ. ಸೋಗೆ ಕಡಿದು ತೆಗೆದು, ತೆಂಗಿನ ನಾರಿನಿಂದ ಎರಡೂ ಬದಿ ತಿಕ್ಕಿ ತೊಳೆಯಿರಿ. ಅರ್ಧ ಗಂಟೆ ನೀರಲ್ಲಿ ಮುಳುಗಿಸಿಟ್ಟರೆ ಹಾಳೆ ಬಟ್ಟೆಯ ಹಾಗೆ ಬಾಗುತ್ತದೆ. ಕತ್ತರಿ ಹಾಕುವುದು ಆಗಲೇ. ಒಣಗಿದ ಮೇಲೆ ಕತ್ತರಿಸಲು ಹೋದರೆ ಎಳೆಯ ಉದ್ದಕ್ಕೂ ಸೀಳಿಬಿಡುತ್ತದೆ. ಎಳೆ ಹಣೆಯಿಂದ ಗಲ್ಲದ ಕಡೆಗೆ ಬರುವಂತೆ ಇಟ್ಟುಕೊಂಡು, ಸುಮಾರು 12 ಇಂಚು ಉದ್ದದ ಮೊಗದ ಆಕಾರ ಕತ್ತರಿಸಿ. ತೂಗುಹಾಕುವ ತೂತುಗಳನ್ನೂ ಒದ್ದೆ ಇರುವಾಗಲೇ ದಬ್ಬಣದಿಂದ ಚುಚ್ಚಿ. ಅಂಚಿನಿಂದ ಅರ್ಧ ಇಂಚಾದರೂ ಒಳಗಿರಲಿ. ಎರಡು ತೂತು ಒಂದೇ ಎಳೆಯ ಮೇಲೆ ಬಂದರೆ ಹಾಳೆ ಅಲ್ಲಿಂದಲೇ ಹರಿಯುತ್ತದೆ.

ಇನ್ನು ಒಣಗಿಸುವುದು. ಇಡೀ ಕೆಲಸದ ಜೀವ ಇರುವುದು ಇದರಲ್ಲಿ. ಮಡಕೆಯೊಂದನ್ನು ಕವುಚಿ ಹಾಕಿ, ನುಣುಪಾದ ಒಳಮೈ ಮೇಲೆ ಬರುವಂತೆ ಹಾಳೆ ಹೊದಿಸಿ, ಕತ್ತದ ಹಗ್ಗದಿಂದ ಬಿಗಿಯಿರಿ. ಮೊದಲ ಎರಡು ದಿನ ನೆರಳು, ಆಮೇಲೆ ಎರಡು ದಿನ ಬೆಳಗಿನ ಎಳೆ ಬಿಸಿಲು. ಮಧ್ಯಾಹ್ನದ ಬಿಸಿಲಿಗಿಟ್ಟರೆ ಅಂಚು ಸುರುಟಿಕೊಳ್ಳುತ್ತದೆ. ನಾನು ಮೊದಲು ಮಾಡಿದ ಮೊಗ ಅರ್ಧ ಹಸಿಯಿದ್ದಾಗಲೇ ಬಣ್ಣ ಬಳಿದದ್ದು. ಜಡಿಮಳೆಯ ಆಟಿ ತಿಂಗಳು ಮುಗಿಯುವಾಗ ಕೆನ್ನೆಯ ತುಂಬ ಬೂದುಬಣ್ಣದ ಬೂಷ್ಟು ಹಿಡಿದಿತ್ತು. ಬಹಳ ಬೇಜಾರಾಯಿತು. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ನಮ್ಮ ಊರಲ್ಲಿ ಅವಸರ ನಡೆಯದು. ಬೆರಳಿನಿಂದ ತಟ್ಟಿದರೆ ಟಣ್ ಟಣ್ ಅನ್ನಬೇಕು, ಆಗಲೇ ಒಣಗಿದ್ದು.

ಬಣ್ಣಕ್ಕೆ ಅಕ್ರಿಲಿಕ್ ಸಾಕು. ಹಿಂದೆ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಬಿಡಾರದಲ್ಲಿ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು ನಿಜ. ಆದರೆ ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಮಕ್ಕಳು ಕೈಯಾಡಿಸುವ ಕಡೆ ಅವು ಬೇಡವೇ ಬೇಡ. ಮೊದಲು ಕೆಂಪು ಮತ್ತು ಕಪ್ಪು, ಅದು ಒಣಗಿದ ಮೇಲೆ ಬಿಳಿ ಗೆರೆ.

ಆಮೇಲೆ ಚುಟ್ಟಿ. ವೇಷಧಾರಿಗಳು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವುದನ್ನು ನೋಡಿದ್ದೀರಲ್ಲ? ಗೋಡೆಯ ಮೊಗಕ್ಕೆ ಅಕ್ಕಿಹಿಟ್ಟು ಹಾಕಿದರೆ ಜಿರಳೆ ಬಿಡುವುದಿಲ್ಲ. ಬದಲಿಗೆ ಸೀಮೆಸುಣ್ಣದ ಪುಡಿಯನ್ನು ಫೆವಿಕಾಲ್‌ನಲ್ಲಿ ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಮದರಂಗಿ ಕೋನಿನಂಥ ಪ್ಲಾಸ್ಟಿಕ್ ಕೋನಿಗೆ ತುಂಬಿ. ಹಾಳೆಗೆ ತಾಗಿಸಿ ಒತ್ತಿ, ನೆಟ್ಟಗೆ ಮೇಲಕ್ಕೆತ್ತಿ. ತುದಿ ಚೂಪಾಗಿ ನಿಲ್ಲುತ್ತದೆ. ಹುಬ್ಬಿನ ಮೇಲೆ ಒಂದು ಸಾಲು, ಕೆನ್ನೆಯ ಸುತ್ತ ಎರಡು ಸಾಲು. ತುದಿ ಮಡಚಿ ಬಿದ್ದರೆ ಕಲಸಿದ್ದು ನೀರಾಗಿದೆ ಎಂದರ್ಥ, ಇನ್ನಷ್ಟು ಪುಡಿ ಸೇರಿಸಿ. ನನ್ನ ಮಟ್ಟಿಗೆ ಇದೇ ಅತಿ ಸಂತೋಷದ ಕೆಲಸ. ಸಂಜೆ ದೀಪ ಹಾಕಿದಾಗ ಒಂದೊಂದು ಮುಳ್ಳಿಗೂ ಒಂದೊಂದು ನೆರಳು ಬೀಳುತ್ತದೆ.

ಆ ದೀಪಕ್ಕೆ ತೆಂಗಿನ ಗೆರಟೆಯೇ ಆದೀತು. ಕಣ್ಣಿರುವ ಕಡಿಯ ಗೆರಟೆಯ ಜುಂಗು ಕೆರೆದು, ಮರಳು ಕಾಗದದಲ್ಲಿ ಮೊದಲು 80, ಆಮೇಲೆ 220ನೇ ನಂಬರಿನದರಿಂದ ಉಜ್ಜಿ, ಒಂದೆರಡು ಹನಿ ತೆಂಗಿನೆಣ್ಣೆ ಸವರಿ ಒರೆಸಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೆದು ಕಣ್ಣನ್ನು ಕೊರೆದು ವಯರ್ ಇಳಿಸಿ. ಎಲ್‌ಇಡಿ ಬಲ್ಬ್ ಮಾತ್ರ, ಹಳೇ ಬಲ್ಬಿನ ಬಿಸಿಗೆ ಗೆರಟೆ ಕರಟೀತು.

ಮೊಗವನ್ನು ಮುರಕಲ್ಲಿನ ಗೋಡೆಗೆ ತಾಗಿಸಿ ಮೊಳೆ ಹೊಡೆಯಬೇಡಿ. ಹಿಂದೆ ಎರಡು ಗೆರಟೆ ಚೂರು ಅಂಟಿಸಿದರೆ ಗಾಳಿಯಾಡಲು ಬೆರಳಗಲ ಜಾಗ ಸಿಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಳಿಸಿ, ಒಣಬಟ್ಟೆಯಲ್ಲಿ ಬೆನ್ನು ಒರೆಸಿ, ಬಿಸಿಲು ಕಂಡ ದಿನ ಒಂದು ಗಂಟೆ ಅಂಗಳದಲ್ಲಿಡಿ.