ಚಿಕ್ಕ ಕಾರಿಗೆ ಸ್ವೇ ಬಾರ್ ಹಾಕುದು ಹೇಗೆ? ಹಿಂದೆಯಿಂದ ಶುರು ಮಾಡಿ, ಪತ್ತನಾಜೆಗೆ (ಮೇ ಕೊನೆಗೆ) ಮೊದಲು ಮುಗಿಸಿ

ಕಾಸರಗೋಡಿನ ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳ ದಾರಿಯಾಗಿ ಕಲ್ಲಡ್ಕಕ್ಕೆ ಕಾರು ಬಿಟ್ಟವರಿಗೆ ನಾನು ಹೇಳುದು ಕೂಡ್ಲೇ ಅರ್ಥ ಆಗ್ತದೆ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಶುರು, ಎಡಕ್ಕೆ ವಾಲಿದ ಕಾರು ಸಮ ನಿಲ್ಲುವ ಮೊದಲೇ ಬಲಕ್ಕೆ ವಾಲ್ಬೇಕು, ಹಿಂದೆ ಕೂತ ಅಮ್ಮ "ಮೆಲ್ಲ ಹೋಗು ಮಗ, ತಲೆ ತಿರುಗ್ತದೆ" ಅಂತ ಹೇಳ್ತಾರೆ. ಸ್ಪೀಡು ನೋಡಿದ್ರೆ ನಲ್ವತ್ತು ಸಹ ಇರುದಿಲ್ಲ. ಅವರಿಗೆ ತಲೆ ತಿರುಗುದು ಸ್ಪೀಡಿಂದ ಅಲ್ಲ, ಕಾರು ತೊಟ್ಟಿಲಿನ ಹಾಗೆ ತೂಗುದರಿಂದ. ಈ ತೂಗಾಟ ಕಡಿಮೆ ಮಾಡ್ಲಿಕ್ಕೆ ಇರುವ ಸಾಮಾನೇ ಸ್ವೇ ಬಾರ್. ನಮ್ಮ ಮೆಕ್ಯಾನಿಕ್‌ಗಳು ಸ್ಟೆಬಿಲೈಸರ್ ಬಾರ್ ಅಂತ ಹೇಳುದು, ಅಂಗಡಿಯಲ್ಲಿ ಸಹ ಹಾಗೆಯೇ ಕೇಳಿ.

ಮೊದಲು ನಾನು ಮಾಡಿದ ತಪ್ಪು ಹೇಳ್ತೇನೆ, ಯಾಕಂದ್ರೆ ಹೆಚ್ಚಿನವರು ಇದನ್ನೇ ಮಾಡುದು. ನನ್ನದು ಡೀಸೆಲ್ ಹ್ಯಾಚ್‌ಬ್ಯಾಕ್, ಮುಂದೆ ಇಂಜಿನ್ ಭಾರ. ಒಂದು ವರ್ಕ್‌ಶಾಪಿನಲ್ಲಿ "ಮುಂದಿನ ಬಾರ್ ದಪ್ಪದ್ದು ಹಾಕಿ, ವಾಲುದು ನಿಲ್ತದೆ" ಅಂತ ಹೇಳಿದ್ರು, ಹಾಕಿಸಿದೆ. ವಾಲುದು ಕಮ್ಮಿ ಆಯ್ತು ಸರಿ, ಆದ್ರೆ ಮೊದಲ ಮಳೆಗೆ ಮುಳ್ಳೇರಿಯ ದಾಟಿ ಜಾಲ್ಸೂರು ಕಡೆ ಹೋಗುವಾಗ ಒಂದು ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ್ರೂ ಮೂತಿ ಸೀದಾ ಹೋಯ್ತು, ಎದುರಿಂದ ಯಾರೂ ಬರ್ಲಿಲ್ಲ, ದೇವರು ದೊಡ್ಡವನು. ಮನೆಯ ಹತ್ತಿರ ಮಣ್ಣಿನ ಏರುದಾರಿಯಲ್ಲಿ ಸಹ ಒಳಬದಿಯ ಮುಂದಿನ ಟಯರು ಸುಮ್ಮನೆ ಗರಗರ ತಿರುಗ್ಲಿಕ್ಕೆ ಶುರುವಾಯ್ತು. ಆಮೇಲೆ ಕೂತು ಓದಿ, ಆ ಬಾರ್ ತೆಗ್ದು ಹಳೆಯದನ್ನೇ ಹಾಕಿ, ಹಿಂದೆ ಒಂದು ಬಾರ್ ಸೇರಿಸಿದ ಮೇಲೆ ನನಗೆ ಬೇಕಾದ ಕಾರು ಸಿಕ್ಕಿತು.

ಯಾಕೆ ಹೀಗಾಗುದು ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ. ಸ್ವೇ ಬಾರ್ ಅಂದ್ರೆ ಸ್ಪ್ರಿಂಗ್ ಸ್ಟೀಲಿನ ಸರಳು, ಯು ಆಕಾರಕ್ಕೆ ಬಗ್ಗಿಸಿದ್ದು, ನಡು ಭಾಗ ಎರಡು ರಬ್ಬರ್ ಬುಷ್‌ನಲ್ಲಿ ಕಾರಿನ ಅಡಿಗೆ ಕೂತಿರ್ತದೆ, ಎರಡು ಕೊನೆ ಲಿಂಕ್ ರಾಡ್ ಮೂಲಕ ಎರಡು ಚಕ್ರದ ಸಸ್ಪೆನ್ಷನಿಗೆ ಸೇರಿರ್ತದೆ. ಹಂಪ್ ಹಾರುವಾಗ ಎರಡೂ ಚಕ್ರ ಒಟ್ಟಿಗೆ ಮೇಲೆ ಹೋಗ್ತದೆ, ಆಗ ಬಾರ್ ಬುಷ್‌ನೊಳಗೆ ಸುಮ್ಮನೆ ಉರುಳ್ತದೆ ಅಷ್ಟೆ, ಏನೂ ಕೆಲಸ ಇಲ್ಲ. ತಿರುವಿನಲ್ಲಿ ಒಂದು ಚಕ್ರ ಮೇಲೆ ಒಂದು ಕೆಳಗೆ ಹೋದಾಗ ಮಾತ್ರ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ತದೆ, ಆ ತಿರುಚಿಗೆ ಎದುರು ನಿಲ್ಲುವ ಶಕ್ತಿಯೇ ಬಾಡಿ ವಾಲದ ಹಾಗೆ ಹಿಡಿಯುದು. ಆದ್ರೆ ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಹೋಗುವ ಭಾರ ಬಾರ್ ಹಾಕಿದ್ರೆ ಮಾಯ ಆಗುದಿಲ್ಲ, ಮುಂದೆ ಎಷ್ಟು ಹಿಂದೆ ಎಷ್ಟು ಅಂತ ಪಾಲು ಮಾತ್ರ ಬದಲಾಗುದು. ಯಾವ ಕಡೆ ಗಟ್ಟಿ ಮಾಡಿದ್ದೀರೋ ಆ ಕಡೆಯ ಹೊರಗಿನ ಟಯರಿಗೆ ಹೆಚ್ಚು ಭಾರ ಬೀಳ್ತದೆ, ಮತ್ತೆ ಟಯರಿನ ಗುಣ ಎಂತ ಅಂದ್ರೆ ಭಾರ ಡಬಲ್ ಆದ್ರೆ ಹಿಡಿತ ಡಬಲ್ ಆಗುದಿಲ್ಲ, ಅದಕ್ಕಿಂತ ಕಮ್ಮಿಯೇ ಏರುದು, ಹಾಗಾಗಿ ಗಟ್ಟಿ ಮಾಡಿದ ಕಡೆಯ ಒಟ್ಟು ಹಿಡಿತ ಇಳೀತದೆ.

ಸ್ವಿಫ್ಟ್, ಪೋಲೋ, ಐ20 ತರದ ಕಾರುಗಳೆಲ್ಲ ಮುಂದಿನ ಚಕ್ರ ಎಳೆಯುವಂಥದ್ದು, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರುವ ಕಂಬ, ಹಿಂದೆ ಟಾರ್ಷನ್ ಬೀಮ್, ಅಂದ್ರೆ ಎರಡು ಚಕ್ರದ ಕೈಗಳನ್ನು ಸೇರಿಸುವ ಅಡ್ಡ ತೊಲೆ. ಕಂಪನಿಯವರು ಬೇಕಂತಲೇ ಇವುಗಳನ್ನು ಮೂತಿ ಮೊದಲು ಜಾರುವ ಹಾಗೆ ಮಾಡಿರ್ತಾರೆ, ಅದನ್ನೇ ಅಂಡರ್‌ಸ್ಟಿಯರ್ ಅಂತ ಹೇಳುದು, ಸಾಮಾನ್ಯ ಡ್ರೈವರಿಗೆ ಹಿಂದೆ ಜಾರುದಕ್ಕಿಂತ ಅದು ಸೇಫ್. ಮುಂದೆ ಇನ್ನೂ ಗಟ್ಟಿ ಮಾಡಿದ್ರೆ ಆ ಗುಣ ಹೆಚ್ಚುದು, ಹಿಂದೆ ಚೂರು ಗಟ್ಟಿ ಮಾಡಿದ್ರೆ ಮುಂದಿನ ಟಯರಿಗೆ ಬಿಡುವು ಸಿಕ್ಕಿ ಸ್ಟೇರಿಂಗ್ ಹೇಳಿದ ಕಡೆ ಹೋಗುದು. ಹಾಗಾಗಿ ನನ್ನ ಗಟ್ಟಿ ಅಭಿಪ್ರಾಯ, ಚಿಕ್ಕ ಕಾರಿಗೆ ಹಿಂದಿನ ಬಾರೇ ಮೊದಲು, ಹೆಚ್ಚಿನವರಿಗೆ ಅದೇ ಕೊನೆ ಸಹ.

ಬಾನೆಟ್ ಒಳಗೆ ಎರಡು ಸ್ಟ್ರಟ್‌ನ ತಲೆ ಸೇರಿಸುವ ಬಣ್ಣದ ರಾಡ್ ಒಂದು ಬರ್ತದಲ್ಲ, ಅದು ಸ್ಟ್ರಟ್ ಬಾರ್, ಬೇರೆಯೇ ಸಾಮಾನು, ಅದು ವಾಲುದನ್ನು ನಿಲ್ಲಿಸುದಿಲ್ಲ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಬೇಡಿ.

ಹೊಸ ಬಾರ್ ತರುವ ಮೊದಲು ಈಗ ಇದ್ದದ್ದು ಸರಿ ಉಂಟಾ ನೋಡಿ. ಬೆಳಿಗ್ಗೆ ಟಯರ್ ತಂಪಿರುವಾಗ ಗಾಳಿ ಚೆಕ್ ಮಾಡಿ, ಶಾಕ್‌ನಿಂದ ಎಣ್ಣೆ ಇಳಿದ ಗುರುತು ಉಂಟಾ ನೋಡಿ, ಸಣ್ಣ ಗುಂಡಿಯಲ್ಲಿ ಮೆಲ್ಲ ಹೋಗುವಾಗ ಮುಂದಿಂದ ಟಕ್ ಟಕ್ ಅಂತ ಕೇಳಿದ್ರೆ ಹೆಚ್ಚಾಗಿ ಲಿಂಕ್ ರಾಡೇ ಹೋದದ್ದು. ಬುಷ್ ಬಿರುಕು ಬಿಟ್ಟು ಬಾರ್ ಒಳಗೆ ಅಲ್ಲಾಡ್ತಿದ್ರೆ ಮೊದಲ ಸ್ವಲ್ಪ ವಾಲಿಕೆಗೆ ಬಾರ್ ಕೆಲಸವೇ ಮಾಡುದಿಲ್ಲ. ಏಳೆಂಟು ವರ್ಷ ಹಳೆಯ ಕಾರಾದ್ರೆ ಬರೀ ಬುಷ್, ಲಿಂಕ್ ರಾಡ್ ಕಂಪನಿಯದ್ದೇ ಹೊಸತು ಹಾಕಿ ಒಂದು ವಾರ ಓಡಿಸಿ ನೋಡಿ, ಕೆಲವರಿಗೆ ಅಷ್ಟೇ ಸಾಕಾಗ್ತದೆ, ಅಂಥವರು ಇಲ್ಲಿಗೇ ನಿಲ್ಲಿಸಿ.

ಇನ್ನು ದಪ್ಪದ ಲೆಕ್ಕ. ಇದ್ರಲ್ಲಿ ಎಲ್ರೂ ಮೋಸ ಹೋಗ್ತಾರೆ, ಎರಡು ಮಿಲಿಮೀಟರ್ ಹೆಚ್ಚು ಅಂದ್ರೆ ಎಂತ ಮಹಾ ಅಂತ ಕಾಣ್ತದೆ. ಸರಳಿನ ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರುದು, ಅಂದ್ರೆ ವ್ಯಾಸವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡ್ಬೇಕು. 18 ಮಿ.ಮೀ. ಬಾರ್ ತೆಗ್ದು 20 ಹಾಕಿದ್ರೆ ಗಟ್ಟಿತನ ಶೇಕಡಾ 52 ಹೆಚ್ಚು, 20ರಿಂದ 22ಕ್ಕೆ ಹೋದ್ರೆ ಶೇಕಡಾ 46 ಹೆಚ್ಚು. ಒಳಗೆ ಪೊಳ್ಳಿರುವ ಬಾರ್ ಸಹ ಸಿಗ್ತದೆ, ಪೊಳ್ಳು ಅಂದ್ರೆ ಡಮ್ಮಿ ಅಂತ ಅಲ್ಲ, 24 ಮಿ.ಮೀ. ಹೊರ ಅಳತೆ 16 ಮಿ.ಮೀ. ಒಳ ಅಳತೆ ಇರುವ ಬಾರ್ ಗಟ್ಟಿ ಸರಳಿನ ಶೇಕಡಾ 80ರಷ್ಟು ಕೆಲಸ ಮಾಡ್ತದೆ, ತೂಕ ಶೇಕಡಾ 56 ಮಾತ್ರ. ಕೊನೆಯಲ್ಲಿ ಎರಡು ಮೂರು ತೂತು ಇರುವ ಬಾರ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ತುದಿಯ ತೂತಿಗೆ ಲಿಂಕ್ ಹಾಕಿದ್ರೆ ಮೆದು, ಒಳಗಿನ ತೂತಿಗೆ ಹಾಕಿದ್ರೆ ಗಟ್ಟಿ, ಬಾರಿನ ಬಗ್ಗಿದ ಕೈಯ ಉದ್ದ 220 ಮಿ.ಮೀ. ಇದ್ದದ್ದು 200ಕ್ಕೆ ಬಂದ್ರೆ ಸುಮಾರು ಶೇಕಡಾ 20 ಗಟ್ಟಿ ಆಗ್ತದೆ. ನಿಮ್ಮ ಹಳೆಯ ಬಾರಿನ ಅಳತೆ ತೆಗೆಯುವಾಗ ಬುಷ್‌ನ ಹತ್ತಿರ ನೇರ ಇರುವ ಜಾಗದಲ್ಲಿ ಕೆಸರು ಕೆರೆದು ವರ್ನಿಯರ್ ಇಟ್ಟು ನೋಡಿ, ಅಂದಾಜಿ ಬೇಡ. ನಾವಿರುದು ಕಡಲ ಬದಿ, ಕುಂಬಳೆ ಮಂಜೇಶ್ವರ ಕಡೆಯವರು ಉಪ್ಪುಗಾಳಿ ಯೋಚನೆ ಮಾಡಿ ಪೌಡರ್ ಕೋಟಿಂಗ್ ಒಳ್ಳೆದಿರುವಂಥದ್ದೇ ನೋಡಿ, ಬಣ್ಣ ಎದ್ದ ಜಾಗದಲ್ಲಿ ತುಕ್ಕು ಹಿಡಿದ್ರೆ ಬಿರುಕು ಅಲ್ಲಿಂದಲೇ ಶುರುವಾಗುದು.

ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಬೀಮ್ ತಾನೇ ತಿರುಚಿಕೊಂಡು ಸ್ವೇ ಬಾರಿನ ಕೆಲಸ ಸ್ವಲ್ಪ ಮಾಡ್ತಿರ್ತದೆ, ಅದಕ್ಕೆ ಹಾಕುವ ಬಾರ್ ಬೀಮಿನ ಎರಡು ಕೈಗಳಿಗೆ ಬೋಲ್ಟ್ ಆಗಿ ಕೂರುವಂಥದ್ದು, ಹೆಚ್ಚಾಗಿ ಲಿಂಕ್ ರಾಡ್ ಸಹ ಇರುದಿಲ್ಲ, ಬಾರ್ ಎಷ್ಟು ದಪ್ಪವೋ ಅಷ್ಟೇ ಗಟ್ಟಿ. ಹಾಗಾಗಿ ಇಲ್ಲಿ ಸಿಕ್ಕುವುದರಲ್ಲಿ ತೆಳ್ಳಗಿನದ್ದೇ ಸಾಕು. ನಿಮ್ಮ ಕಾರಿನ ಮಾಡೆಲಿಗೇ ಅಂತ ಮಾಡಿದ ಕಿಟ್ ಸಿಕ್ಕದಿದ್ರೆ ಬಿಟ್ಟುಬಿಡಿ. ಬೀಮಿಗೆ ತೂತು ಕೊರೆದು, ವೆಲ್ಡಿಂಗ್ ಮಾಡಿ ಕೂರಿಸ್ತೇನೆ ಅಂತ ಯಾರು ಹೇಳಿದ್ರೂ ಒಪ್ಪಬೇಡಿ, ತಿರುಚಿಕೊಳ್ಳುವ ಜಾಗಕ್ಕೆ ವೆಲ್ಡಿಂಗ್ ಬಿಸಿ ತಾಗಿದ್ರೆ ಅಲ್ಲಿಯೇ ಒಂದು ದಿನ ಬಿರುಕು ಬಿಡುದು.

ಹಾಕುವ ಕೆಲಸ. ಹಿಂದಿನ ದಿನ ರಾತ್ರಿಯೇ ತೆಗೆಯುವ ಬೋಲ್ಟುಗಳಿಗೆಲ್ಲ ಡಬ್ಲ್ಯುಡಿ-40 ಹೊಡೆದಿಡಿ. ಅಡಿಕೆ ಒಣಗಿಸುವ ಅಂಗಳ ಸಿಮೆಂಟಿನದ್ದಾದ್ರೆ ಬಹಳ ಒಳ್ಳೆದು, ಮಣ್ಣಿನ ಅಂಗಳದಲ್ಲಿ ಸ್ಟಾಂಡ್ ಹುಗಿಯುತ್ತದೆ, ದಪ್ಪ ಹಲಗೆ ಇಡದೆ ಮಾಡ್ಲೇಬಾರ್ದು. ಒಂದು ವಿಷಯ ದಯವಿಟ್ಟು ಗಮನ ಇಡಿ, ಈ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುದು ಹಿಂದಿನ ಚಕ್ರಕ್ಕೆ, ಹಿಂದೆ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಎತ್ತುವ ಮೊದಲೇ ಗೇರಿನಲ್ಲಿ ಹಾಕಿ ಮುಂದಿನ ಎರಡು ಟಯರಿಗೂ ಹಿಂದೆ ಮುಂದೆ ಕಲ್ಲು ಕೊಡಿ, ಮುರಕಲ್ಲಿನ ತುಂಡು ಬೇಡ, ಅದು ಪುಡಿ ಆಗ್ತದೆ, ಮರದ ತುಂಡು ಅಥವಾ ಕರಿಕಲ್ಲು ಇಡಿ. ಜಾಕಿ ಎತ್ತಲಿಕ್ಕೆ ಮಾತ್ರ, ಅಡಿಗೆ ಹೋಗುವ ಮೊದಲು ಎರಡೂ ಬದಿ ಜಾಕ್ ಸ್ಟಾಂಡ್ ಕೊಟ್ಟು ಕಾರನ್ನು ಕೈಯಲ್ಲಿ ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಹೋಗಿ.

ಎರಡೂ ಚಕ್ರ ಒಂದೇ ಮಟ್ಟದಲ್ಲಿ ಇರ್ಬೇಕು. ಒಂದೇ ಬದಿ ಎತ್ತಿ ಕೆಲಸ ಮಾಡಿದ್ರೆ ಬಾರ್ ತಿರುಚಿಕೊಂಡೇ ಇರ್ತದೆ, ತೂತಿಗೆ ಬೋಲ್ಟ್ ಕೂರುದಿಲ್ಲ, ಸುತ್ತಿಗೆಯಲ್ಲಿ ಬಡಿದು ಕೂರಿಸ್ಲಿಕ್ಕೆ ಹೋದ್ರೆ ಥ್ರೆಡ್ ಹಾಳು. ಲಿಂಕ್ ರಾಡಿನ ನಟ್ ತಿರುಗಿಸುವಾಗ ಒಳಗಿನ ಪಿನ್ ಸಹ ಒಟ್ಟಿಗೆ ತಿರುಗ್ತದೆ, ಪಿನ್ನಿನ ತಲೆಯಲ್ಲಿ ಅಲನ್ ಕೀ ಇಟ್ಟು ಹಿಡಿದು ರಿಂಗ್ ಸ್ಪಾನರಿನಲ್ಲಿ ನಟ್ ತಿರುಗಿಸಿ. ತೆಗ್ದ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವಂಥದ್ದು) ಪುನಃ ಹಾಕ್ಬೇಡಿ, ಹೊಸತು ತನ್ನಿ. ಪಾಲಿಯುರೇಥೇನ್ ಬುಷ್ ಬಂದಿದ್ರೆ ಒಳಬದಿಗೆ ಸಿಲಿಕೋನ್ ಗ್ರೀಸ್ ಧಾರಾಳ ಹಚ್ಚಿ, ಇಲ್ಲದಿದ್ರೆ ನಾಲ್ಕೇ ದಿನದಲ್ಲಿ ಹಳೇ ಬಾಗಿಲಿನ ಹಾಗೆ ಕಿರ್ ಕಿರ್ ಅನ್ನುತ್ತದೆ. ಬಾರ್ ಎಡ ಬಲ ಸಮ ಉಂಟಾ ಟೇಪ್ ಹಿಡಿದು ನೋಡಿ, ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಪೈಪ್, ಎಬಿಎಸ್ ವಯರ್, ಸೈಲೆನ್ಸರ್ ಯಾವುದಕ್ಕೂ ತಾಗ್ಬಾರ್ದು, ಚಕ್ರ ಪೂರ್ತಿ ಕೆಳಗೆ ನೇತಾಡುವಾಗ ಒಮ್ಮೆ, ಜಾಕಿಯಲ್ಲಿ ಬೀಮನ್ನು ಮೇಲೆ ಎತ್ತಿ ಇನ್ನೊಮ್ಮೆ ನೋಡ್ಬೇಕು. ಎಲ್ಲ ಬೋಲ್ಟ್ ಕೈಬಿಗಿ ಮಾತ್ರ ಮಾಡಿ, ಕೊನೆಯ ಬಿಗಿ ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ, ಸರ್ವೀಸ್ ಮ್ಯಾನುವಲ್‌ನಲ್ಲಿ ಎಷ್ಟು ಹೇಳಿದ್ದಾರೋ ಅಷ್ಟು, ಟಾರ್ಕ್ ರೆಂಚಿನಲ್ಲಿ. ಬಿಗಿ ಆದ ನಟ್ಟಿನ ಮೇಲೆ ಬಿಳಿ ಪೈಂಟಿನ ಒಂದು ಗೆರೆ ಎಳೆದ್ರೆ ಮತ್ತೆ ಸಡಿಲ ಆಯ್ತಾ ಅಂತ ಬಗ್ಗಿ ನೋಡಿದ್ರೇ ಗೊತ್ತಾಗ್ತದೆ.

ಮುಂದಿನ ಬಾರ್ ಬದಲಿಸ್ಲೇಬೇಕು ಅಂತ ಇದ್ರೆ ಮನೆಯಲ್ಲಿ ಮಾಡ್ಬೇಡಿ. ಹಲವು ಕಾರುಗಳಲ್ಲಿ ಸಬ್‌ಫ್ರೇಮ್, ಅಂದ್ರೆ ಸಸ್ಪೆನ್ಷನ್ ಹೊರುವ ಅಡಿಯ ಚೌಕಟ್ಟು, ಇಳಿಸದೆ ಅದು ಹೊರಗೆ ಬರುದಿಲ್ಲ, ಲಿಫ್ಟ್ ಇರುವ ವರ್ಕ್‌ಶಾಪೇ ಬೇಕು, ಆದ ಮೇಲೆ ವೀಲ್ ಅಲೈನ್‌ಮೆಂಟ್ ಸಹ ಮಾಡಿಸ್ಬೇಕು.

ಮೊದಲ ದಿನ ಹಾಡು ಹಾಕದೆ, ಗ್ಲಾಸು ಇಳಿಸಿ, ಮೆಲ್ಲ ಹೋಗಿ ಕಿವಿಕೊಟ್ಟು ಕೇಳಿ. ನೂರು ಕಿಲೋಮೀಟರ್ ಆದ ಮೇಲೆ ಗೆರೆ ನೋಡಿ ಪುನಃ ಬಿಗಿ ಚೆಕ್ ಮಾಡಿ. ಆಮೇಲೆ ಒಣ ರಸ್ತೆಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ತಿರುವಿಗೆ ದಿನಾ ಹೋಗುವ ಸ್ಪೀಡಿನಲ್ಲೇ ಹೋಗಿ, ಸ್ಪೀಡು ಏರಿಸಿ ಪರೀಕ್ಷೆ ಮಾಡ್ಲಿಕ್ಕೆ ರಸ್ತೆ ಅಲ್ಲ ಜಾಗ. ಸ್ಟೇರಿಂಗ್ ಎಷ್ಟು ತಿರುಗಿಸ್ಬೇಕಾಗ್ತದೆ ಅಂತ ಮಾತ್ರ ನೋಡಿ, ಮೊದಲಿಗಿಂತ ಕಮ್ಮಿ ತಿರುಗಿಸಿದ್ರೆ ಸಾಕಾಗ್ತದೆ ಅಂದ್ರೆ ಕೆಲಸ ಸರಿ ಆಗಿದೆ. ಒಂದು ನಷ್ಟ ಸಹ ಉಂಟು, ಒಂದೇ ಬದಿಯ ಚಕ್ರ ಗುಂಡಿಗೆ ಬಿದ್ರೆ ಅದರ ಪೆಟ್ಟು ಬಾರ್ ಮೂಲಕ ಇನ್ನೊಂದು ಬದಿಗೂ ಹೋಗ್ತದೆ, ತಲೆ ಆಚೆ ಈಚೆ ಅಲ್ಲಾಡ್ತದೆ, ತೋಟದ ದಾರಿಯಲ್ಲಿ ಇದು ಸಮಾ ಗೊತ್ತಾಗ್ತದೆ.

ಪತ್ತನಾಜೆಗೆ ಮೊದಲು ಮುಗಿಸಿ ಅಂತ ಹೇಳಿದ್ದು ಇದಕ್ಕೇ, ಮೇ ಕೊನೆಯ ಒಳಗೆ ಒಣ ರಸ್ತೆಯಲ್ಲಿ ಕಾರಿನ ಹೊಸ ಗುಣ ನಿಮ್ಮ ಕೈಗೆ ಅಭ್ಯಾಸ ಆಗಿರ್ಬೇಕು. ಮಳೆಯಲ್ಲಿ ಹಿಂದೆ ಗಟ್ಟಿ ಇರುವ ಕಾರಿನ ಅಪಾಯ ಎಂತ ಅಂದ್ರೆ ತಿರುವಿನ ನಡುವಲ್ಲಿ ಹೆದರಿ ಆಕ್ಸಿಲರೇಟರ್ ಒಮ್ಮೆಲೇ ಬಿಟ್ರೆ ಅಥವಾ ಬ್ರೇಕ್ ತುಳಿದ್ರೆ ಭಾರ ಮುಂದೆ ಹೋಗಿ ಹಿಂದಿನ ಟಯರು ಹಗುರ ಆಗಿ ಬಾಲ ಹೊರಗೆ ಜಾರ್ತದೆ, ಅದನ್ನು ಹಿಡಿಯುದು ಮೂತಿ ಜಾರಿದ್ದನ್ನು ಹಿಡಿಯುದಕ್ಕಿಂತ ಬಹಳ ಕಷ್ಟ. ತಿರುವಿಗೆ ಮೊದಲೇ ಸ್ಪೀಡು ಇಳಿಸಿ, ಒಳಗೆ ಕಾಲು ಅಲ್ಲಾಡಿಸದೆ ಹೋಗಿ. ಎರಡು ಟಯರ್ ಮಾತ್ರ ಹೊಸತು ತಗೊಳ್ಳುದಾದ್ರೆ ಒಳ್ಳೆದೆರಡನ್ನು ಹಿಂದೆಯೇ ಹಾಕಿ, ಬಾರ್ ಹಾಕಿದವರಂತೂ ಕಡ್ಡಾಯ. ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಹಾಕಿದ್ರೆ ಒಂದೂವರೆ ಕ್ವಿಂಟಲ್ ಹತ್ತಿರ ಆಗ್ತದೆ, ಆಗ ಹಿಂದಿನ ಗಾಳಿ ಕಂಪನಿಯವರು ಫುಲ್ ಲೋಡಿಗೆ ಹೇಳಿದಷ್ಟು ಏರಿಸಿ. ತೂತು ಇರುವ ಬಾರಾದ್ರೆ ಕಾರ್ತೆಲಿನಿಂದ ಸೋಣ ಮುಗಿಯುವವರೆಗೆ, ಅಂದ್ರೆ ಮಳೆಗಾಲ ಪೂರ್ತಿ, ತುದಿಯ ತೂತಿನಲ್ಲೇ ಇರ್ಲಿ.

ಕಾನೂನು ಸಹ ಹೇಳದೆ ಹೋಗ್ಲಿಕ್ಕಾಗುದಿಲ್ಲ, ನಮ್ಮದು ಕೆಎಲ್ 14, ಅಂದ್ರೆ ಕಾಸರಗೋಡಿನ ಗಾಡಿ, ಇಲ್ಲಿ ಚೆಕಿಂಗ್ ಜೋರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಿಸ್ಬಾರ್ದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಕೇಸಿನಲ್ಲಿ ಇದನ್ನು ಗಟ್ಟಿ ಮಾಡಿ ಹೇಳಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಹಾಗಾಗಿ ಬಾರಿಗೆ ದುಡ್ಡು ಕೊಡುವ ಮೊದಲು ಆರ್‌ಟಿಒ ಆಫೀಸಿಗೆ ಒಮ್ಮೆ ಹೋಗಿ ಕೇಳಿ, ಇನ್ಶೂರೆನ್ಸಿನವರಿಗೆ ಬರವಣಿಗೆಯಲ್ಲೇ ತಿಳಿಸಿ ಉತ್ತರ ತಗೊಳ್ಳಿ. ತೆಗ್ದ ಹಳೆ ಬಾರ್, ಬ್ರಾಕೆಟ್ ಏನಿದ್ರೂ ಗುಜರಿಗೆ ಕೊಡ್ಬೇಡಿ, ತೊಳೆದು ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿಡಿ, ಗಾಡಿ ಮಾರುವಾಗ ಅದನ್ನೇ ಪುನಃ ಹಾಕಿ ಕೊಡ್ಬೇಕು.