ಬೈಂಡು ಹಾಕಿ ಕೊಡುವ ಪುಸ್ತಕ

ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಯಾರಿಗೆ ಯಾವ ಪುಸ್ತಕ ಎಂದು ಆರಿಸಿ ಕೊಡುವ ಕೆಲಸ ನನ್ನದು. ನಾನು ಅತಿ ಹೆಚ್ಚು ಬಾರಿ ಕೊಟ್ಟಿರುವುದು ಐನ್ ರ‍್ಯಾಂಡ್ ಬರೆದ ‘ಆಂಥೆಮ್’ ಎಂಬ ಕಿರುಕಾದಂಬರಿಯನ್ನು. ಹನ್ನೆರಡು ಅಧ್ಯಾಯ, ನೂರು ಪುಟದ ಆಸುಪಾಸು. ಇಂಗ್ಲಿಷ್ ಕೂಡ ಸರಳ, ಚಿಕ್ಕ ಚಿಕ್ಕ ವಾಕ್ಯಗಳು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಧೈರ್ಯವಾಗಿ ಕೊಡಬಹುದು.

ಕೊಡುವ ಮೊದಲು ಶಾಲೆಯ ಪುಸ್ತಕದಂತೆ ಖಾಕಿ ಕಾಗದದ ಬೈಂಡು ಹಾಕುತ್ತೇನೆ. ಸಮಾಜಕ್ಕಿಂತ ವ್ಯಕ್ತಿಯೇ ಮುಖ್ಯ ಎಂದು ವಾದಿಸಿದ ಈ ಲೇಖಕಿಯ ಹೆಸರು ಕೇಳಿದರೆ ಸಾಕು, ಕೆಲವರು ಕೈಮುಗಿಯುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಎರಡೂ ಬಗೆಯವರು ಪುಟ ತೆರೆಯುವ ಮೊದಲೇ ತೀರ್ಪು ಬರೆದಿಟ್ಟಿರುತ್ತಾರೆ. ಅದು ನನಗೆ ಬೇಡ.

ಕಥೆಯನ್ನು ಇಷ್ಟು ಮಾತ್ರ ಹೇಳುತ್ತೇನೆ. ಮುಂದೆಂದೋ ಒಂದು ಕಾಲ. ಸಮಾನತೆ, ಸ್ವಾತಂತ್ರ್ಯದಂತಹ ದೊಡ್ಡ ಆದರ್ಶಗಳಿಗೆ ನಂಬರು ಅಂಟಿಸಿದರೆ ಅದೇ ಮನುಷ್ಯರ ಹೆಸರು. ನಾಯಕ ಈಕ್ವಾಲಿಟಿ 7-2521. ಮಲಗುವ ಕೋಣೆಯಲ್ಲಿ ನೂರು ಹಾಸಿಗೆ ಬಿಟ್ಟರೆ ಬೇರೇನೂ ಇಲ್ಲ. ಹದಿನೈದು ತುಂಬಿದಾಗ ಯಾರ ಬದುಕು ಏನು ಎಂಬುದನ್ನು ಒಂದು ಮಂಡಳಿ ನಿರ್ಧರಿಸುತ್ತದೆ. ವಿದ್ವಾಂಸನಾಗಲು ಹಂಬಲಿಸಿದ ಹುಡುಗನ ಪಾಲಿಗೆ ಬಂದದ್ದು ಬೀದಿ ಗುಡಿಸುವ ಕೆಲಸ. ಹಳೆಯ ಕಾಲದ ಸುರಂಗವೊಂದು ಅವನ ಕಣ್ಣಿಗೆ ಬೀಳುತ್ತದೆ. ಕದ್ದು ತಂದ ಮೇಣದಬತ್ತಿಯ ಬೆಳಕಿನಲ್ಲಿ ಕೂತು ಬರೆಯುತ್ತಾನೆ. ಮನೆಯವರು ಆರಿಸಿದ ಕೋರ್ಸಿಗೆ ಸೇರಿ ಕೂತಿರುವ ಎಂಜಿನಿಯರಿಂಗ್ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಬಿದ್ದಿಲ್ಲ.

ಭೌತಶಾಸ್ತ್ರ ಓದಿದವರು ಸಿಕ್ಕರೆ ಕಪ್ಪೆಯ ವಿಷಯ ಎತ್ತುತ್ತೇನೆ. ತಾಮ್ರದ ತಂತಿಗೆ ತೂಗುಬಿಟ್ಟ ಸತ್ತ ಕಪ್ಪೆಯ ಕಾಲು ಸೆಟೆದುಕೊಳ್ಳುವುದನ್ನು ಕಂಡು ಅವನು ವಿದ್ಯುತ್ತಿನ ಜಾಡು ಹಿಡಿಯುತ್ತಾನೆ. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಗ್ಯಾಲ್ವನಿ ಕಂಡದ್ದನ್ನೇ, ಎಲ್ಲವೂ ಮರೆತುಹೋದ ಲೋಕದಲ್ಲಿ, ಮತ್ತೊಬ್ಬ ಮೊದಲಿನಿಂದ ಕಾಣುತ್ತಾನೆ.

ಇನ್ನೂ ಅನುಮಾನಿಸುವವರಿಗೆ ಏಳನೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದುತ್ತೇನೆ. ತಾನು ಕಂಡುಹಿಡಿದ ದೀಪವನ್ನು ಅವನು ವಿದ್ವಾಂಸರ ಸಭೆಯ ಮುಂದಿಡುವ ಭಾಗ ಅದು. ಮೇಣದಬತ್ತಿಗೆ ಎಲ್ಲ ಮಂಡಳಿಗಳ ಒಪ್ಪಿಗೆ ಪಡೆಯಲು 50 ವರ್ಷ ಹಿಡಿಯಿತು, ಈಗ ಈ ದೀಪ ಬಂದರೆ ಮೇಣದಬತ್ತಿ ಇಲಾಖೆಯ ಗತಿಯೇನು ಎಂದು ಅವರ ಆತಂಕ! ಕಚೇರಿಯಲ್ಲಿ ಕಡತ ಹೊತ್ತು ಸವೆದವರು ಇಲ್ಲಿ ಬಿದ್ದು ಬಿದ್ದು ನಗುತ್ತಾರೆ. ಮುಂದಿನ ಪುಟದಲ್ಲಿ ಸಭೆ ಆ ದೀಪವನ್ನು ಒಡೆಯಬೇಕೆಂದು ಹೇಳಿದಾಗ ನಗು ನಿಲ್ಲುತ್ತದೆ. ನಾನೂ ಓದು ನಿಲ್ಲಿಸಿ ಪುಸ್ತಕವನ್ನು ಅವರ ಕೈಗೆ ಕೊಡುತ್ತೇನೆ.

ಒಂದನ್ನು ಮಾತ್ರ ಬಾಯಿ ಬಿಡುವುದಿಲ್ಲ, ಇಲ್ಲಿಯೂ ಬಿಡುವುದಿಲ್ಲ. ಆ ಲೋಕದಲ್ಲಿ ಉಚ್ಚರಿಸಿದರೆ ಮರಣದಂಡನೆ ಆಗುವ ಪದ ಒಂದಿದೆ. ನಾಯಕ ಚಿಕ್ಕವನಿದ್ದಾಗ ಆ ತಪ್ಪಿಗೆ ಒಬ್ಬನನ್ನು ಸುಟ್ಟದ್ದನ್ನು ಕಣ್ಣಾರೆ ಕಂಡಿರುತ್ತಾನೆ. ನಾಯಕ ತನ್ನ ಬಗ್ಗೆ ಮಾತನಾಡುವ ರೀತಿ ವಿಚಿತ್ರವಾಗಿದೆ, ಅಚ್ಚಿನ ದೋಷವೇ ಎಂದು ಯಾರಾದರೂ ಫೋನು ಮಾಡಿ ಕೇಳಿದರೆ, ಮುಂದೆ ಓದಿ ಎಂದಷ್ಟೇ ಹೇಳಿ ಇಡುತ್ತೇನೆ.

ಕೊನೆಯ ಎರಡು ಅಧ್ಯಾಯಗಳು ನನಗೆ ರುಚಿಸುವುದಿಲ್ಲ. ಅಲ್ಲಿ ಕಥೆ ಪಕ್ಕಕ್ಕೆ ಸರಿದು ಭಾಷಣ ಶುರುವಾಗುತ್ತದೆ. ಕೂಟದಲ್ಲಿ ಜಗಳ ಎದ್ದಿರುವುದೂ ಅದೇ ಜಾಗದಲ್ಲಿ. ನಾಯಕ ತನಗೊಂದು ಹೆಸರನ್ನು ತಾನೇ ಆರಿಸಿಕೊಳ್ಳುತ್ತಾನೆ, ಸರಿ. ಅವನು ಪ್ರೀತಿಸುವ ನಾಯಕಿಯ ಹೆಸರನ್ನೂ ಅವನೇ ಆರಿಸಬೇಕೆ? ನಮ್ಮಲ್ಲಿ ಒಬ್ಬ ಕಾಲೇಜು ಹುಡುಗಿ ಈ ಪ್ರಶ್ನೆ ಹಾಕಿದಾಗ, ನಾಯಕಿಯೂ ಮೊದಲು ಅವನಿಗೊಂದು ಹೆಸರು ಕೊಟ್ಟಿದ್ದಾಳಲ್ಲ ಎಂದು ನಿವೃತ್ತ ಮೇಷ್ಟ್ರೊಬ್ಬರು ವಾದ ಹೂಡಿದರು. ನನ್ನ ಮತ ಹುಡುಗಿಯ ಕಡೆಗೆ.

ಪುಸ್ತಕ ವಾಪಸು ಬಂದ ಮೇಲೆ ಬೈಂಡು ತೆಗೆದು ಲೇಖಕಿಯನ್ನು ಪರಿಚಯಿಸುತ್ತೇನೆ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, 1926ರಲ್ಲಿ ಸೋವಿಯತ್ ರಷ್ಯಾ ಬಿಟ್ಟು ಅಮೆರಿಕ ಸೇರಿದವಳು. 1937ರಲ್ಲಿ ಬರೆದ ಈ ಪುಸ್ತಕ ಮೊದಲು ಅಚ್ಚಾದದ್ದು ಬ್ರಿಟನ್ನಿನಲ್ಲಿ, 1938ರಲ್ಲಿ; ತಿದ್ದಿದ ಅಮೆರಿಕನ್ ಆವೃತ್ತಿ ಬಂದದ್ದು 1946ರಲ್ಲಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿಯೂ ಸಿಗುತ್ತದೆ.

ಇಷ್ಟವಾಯಿತು ಎಂದವರಿಗೆ ಮುಂದಿನ ಓದಾಗಿ ಇನ್ನೊಬ್ಬ ರಷ್ಯನ್ ಲೇಖಕ ಎವ್ಗೆನಿ ಜಮ್ಯಾಟಿನ್ 1920ರ ಹೊತ್ತಿಗೆ ಬರೆದ ಕಾದಂಬರಿಯನ್ನು ಕೊಡುತ್ತೇನೆ. ಅಲ್ಲಿಯೂ ಹೆಸರಿನ ಬದಲು ನಂಬರು, ಮನೆಗಳಿಗೆ ಗಾಜಿನ ಗೋಡೆ. ಬರವಣಿಗೆಯಲ್ಲಿ ಇದಕ್ಕಿಂತ ಎಷ್ಟೋ ಮೇಲು. ಆದರೂ ಅದನ್ನು ಮೊದಲು ಕೊಡಲಾರೆ. ಅದರ ಶೀರ್ಷಿಕೆ ಕೇಳಿದರೆ ‘ಆಂಥೆಮ್’ನ ಗುಟ್ಟು ಅರ್ಧ ಬಯಲಾಗುತ್ತದೆ.